ನಡುಗಡ್ಡೆಗೆ ಒಯ್ದ ಚರಗ

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಊರಲ್ಲಿರುವುದಿಲ್ಲ. ಜೇವರ್ಗಿಯ ಬಜಾರಿನಲ್ಲಿ ಅವತ್ತು ಒಂದು ಕಪ್ ಚಹಾ ಸಿಕ್ಕರೆ ಪುಣ್ಯ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುತ್ತಾರೆ. ಜೋಳದ ಬೆಳೆಯ ನಡುವೆ ಐದು ಕಲ್ಲಿಟ್ಟು, ಅವೇ ಪಾಂಡವರೆಂದು ಪೂಜೆ ಮಾಡಿ, ಮಾಡಿದ ಅಡುಗೆಯಲ್ಲಿ ಒಂದಿಷ್ಟನ್ನು ಹೊಲದ ತುಂಬ ಚೆಲ್ಲುತ್ತಾರೆ. ಹಾಗೆ ಚೆಲ್ಲುವ ಅನ್ನಕ್ಕೆ ಚರಗ ಎಂದು ಹೆಸರು. ಭೂಮಿತಾಯಿ ಬಸುರಿ, ಅವಳಿಗೆ ಇದು ಬಯಕೆಯ ಊಟ. ಅವಳು ಉಂಡ ಮೇಲೆ ಮಂದಿಯ ಊಟ. ಹೊಲ ಇದ್ದವರು ಹೊಲ ಇಲ್ಲದವರನ್ನು ಕರೆಯುತ್ತಾರೆ, ದಾರಿಯಲ್ಲಿ ಹೋಗುವವರನ್ನೂ ಕೈಹಿಡಿದು ಎಳೆದು ಕೂರಿಸುತ್ತಾರೆ. ಅಂಥ ದಿನ ನಾನು ನಮ್ಮ ಅವ್ವನನ್ನು ಕರೆದುಕೊಂಡು ಹೋದದ್ದು ಸಮುದ್ರದ ನಡುವಿನ ಒಂದು ಬಂಡೆಗೆ.

ಹುಚ್ಚು ಹಿಡಿದಿರಲಿಲ್ಲ. ಕಾರಣ ಇತ್ತು.

ನೆಲೋಗಿಯ ಹತ್ತಿರ ನಮ್ಮದೊಂದು ಹೊಲವಿತ್ತು. ಎರಡೂವರೆ ಎಕರೆ, ಕರಿಮಣ್ಣು, ಮೂಲೆಯಲ್ಲಿ ಒಂದು ಬನ್ನಿಮರ. ಆಳಂದ ತಾಲೂಕಿನ ಮಟಕಿಯಿಂದ ಮದುವೆಯಾಗಿ ಬಂದ ವರ್ಷದಿಂದ ಅವ್ವ ಆ ಹೊಲದಲ್ಲಿ ಎಳ್ಳಮಾವಾಸ್ಯೆ ಮಾಡಿದವಳು. ಅಪ್ಪ ಹೋದ ಮೇಲೂ ಬಿಡಲಿಲ್ಲ. ಅಪ್ಪನಿದ್ದಾಗ ಇಪ್ಪತ್ತು ಮಂದಿ ಉಣ್ಣುತ್ತಿದ್ದರೆ ಆಮೇಲೆ ನಲವತ್ತಾದರು. ಕಲಬುರಗಿಯಲ್ಲಿ ಕಾಲೇಜು ಮೇಡಂ ಆಗಿ ಪಾಠ ಹೇಳುವ ನಾನು ಅವತ್ತು ಮಾತ್ರ ಸೊಂಟಕ್ಕೆ ಸೆರಗು ಸಿಗಿಸಿ ನೀರಿನ ತಂಬಿಗೆ ಹಿಡಿದು ಅವ್ವನ ಹಿಂದೆ ಓಡಾಡಬೇಕಿತ್ತು. ಹೋದ ಬೇಸಿಗೆಯಲ್ಲಿ ಆ ಹೊಲ ಹೊಸ ದೊಡ್ಡ ರಸ್ತೆಯ ಕೆಳಗೆ ಹೋಯಿತು. ಬನ್ನಿಮರವೂ ಹೋಯಿತು.

ಅವ್ವ ಅಳಲಿಲ್ಲ. "ನಾಕ ಮಂದಿ ಅಡ್ಡಾಡೂ ಜಾಗ ಆಗ್ಯಾದ, ಛಲೋನೇ ಆತು" ಅಂದಳು. ಅವಳು ಇಷ್ಟು ಶಾಣ್ಯಾಳಾಗಿ ಮಾತಾಡಿದರೆ ನನಗೆ ಹೆದರಿಕೆಯಾಗುತ್ತದೆ. ಚಳಿಗಾಲ ಬಂತು, ಅಮಾವಾಸ್ಯೆ ಹತ್ತಿರ ಬಂತು, ಮನೆಗೆ ಕರೆಯಲು ಮಂದಿ ಬರತೊಡಗಿದರು. ಗಿರಣಿಯವರು, ಮಾಸ್ತರರ ಮನೆಯವರು, ಓಣಿಯ ಕೊನೆಯ ಮನೆಯವರು. "ಈ ವರ್ಷ ನಮ್ಮ ಹೊಲಕ್ಕ ಬರ್ರಿ, ಅಕ್ಕೋರ." ಒಬ್ಬರಿಗೆ ಅವ್ವ ಮೊಣಕಾಲು ನೋವೆಂದಳು, ಇನ್ನೊಬ್ಬರಿಗೆ ಸೊಂಟ ಎಂದಳು, ಮೂರನೆಯವರಿಗೆ ಹೇಳಲು ನೋವು ಉಳಿಯದೆ ನನಗೇ ಜ್ವರ ಬರಿಸಿದಳು. ಎಲ್ಲರನ್ನೂ ಕಳಿಸಿ ಬಾಗಿಲು ಹಾಕಿಕೊಂಡು ಬಂದು ನನ್ನ ಮುಂದೆ ಕುಳಿತಳು.

"ಇದು ನಲವತ್ತ ವರ್ಷ ನೀಡಿದ ಕೈ ಬೇ. ಈಗ ಮಂದಿ ಹೊಲದಾಗ ತಾಟ ಹಿಡಕೊಂಡು ಕುಂದರ್ಲೇನು? ನನ್ನಿಂದ ಆಗಂಗಿಲ್ಲ. ಎಲ್ಲಿ ಹೊಲಾನೇ ಇರಂಗಿಲ್ಲೋ ಅಲ್ಲಿಗೆ ಕರಕೊಂಡು ಹೋಗು ನನ್ನ."

ಹೊಲವೇ ಇಲ್ಲದ ಜಾಗ ಯಾವುದು? ನನಗೆ ಹೊಳೆದದ್ದು ಸಮುದ್ರ. ಕರಾವಳಿಯ ಒಂದು ಬಂದರಿನಿಂದ ದೋಣಿಯಲ್ಲಿ ಹೋಗಿ ನೋಡಿ ಬರಬಹುದಾದ ಪುಟ್ಟ ನಡುಗಡ್ಡೆಯೊಂದಿದೆ, ಅಲ್ಲಿ ನರಪಿಳ್ಳೆಯೂ ವಾಸವಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದು ನೆನಪಿತ್ತು. ಮನುಷ್ಯರೇ ಇಲ್ಲವೆಂದ ಮೇಲೆ ಕರೆಯುವವರೂ ಇಲ್ಲ. ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡು ಎರಡು ಟಿಕೆಟ್ ಮಾಡಿದೆ.

ಎರಡು ಮೂರಾಯಿತು. ನಾನು ಖಾಲಾ ಎಂದು ಕರೆಯುವ ಪಕ್ಕದ ಮನೆಯ ಮುಸ್ಲಿಂ ದೊಡ್ಡಮ್ಮನಿಗೆ ಸುದ್ದಿ ಗೊತ್ತಾಗಿತ್ತು. ಖಾಲಾಗೆ ಬಜಾರಿನಲ್ಲಿ ಬಳೆ ಅಂಗಡಿ, ವಯಸ್ಸಿನಲ್ಲಿ ಅವ್ವನಿಗಿಂತ ಐದು ವರ್ಷ ದೊಡ್ಡವರು, ಬಾಯಿಯಲ್ಲಿ ಐವತ್ತು ವರ್ಷ ದೊಡ್ಡವರು. ಅವರ ಮನೆತನಕ್ಕೆ ಯಾವ ಕಾಲಕ್ಕೂ ಹೊಲ ಇರಲಿಲ್ಲ. ಮೂವತ್ತು ವರ್ಷಗಳಿಂದ ನಮ್ಮ ಹೊಲದ ಎಳ್ಳಮಾವಾಸ್ಯೆಯ ಮೊದಲ ಪಂಕ್ತಿಯಲ್ಲಿ ಮೊದಲ ತಾಟು ಅವರದು.

"ನಿಮ್ಮವ್ವ ಎಲ್ಲಿ ಎಳ್ಳಮಾಸಿ ಮಾಡ್ತಾಳೋ ನಾ ಅಲ್ಲೇ" ಎಂದು ಚೀಲ ತುಂಬಿಕೊಂಡೇ ಬಂದರು.

"ಮಾಡಂಗಿಲ್ಲ ಖಾಲಾ, ತಪ್ಪಿಸಿಕೊಂಡು ಹೊಂಟೇವಿ" ಅಂದೆ.

"ಹಾಂ, ತಪ್ಪಿಸ್ಕೊಳ್ಳಾಕ ನಿಮ್ಮವ್ವಗ ಇಷ್ಟ ದೊಡ್ಡ ಗಂಟು ಬೇಕಾತೇನು?"

ಆಗ ನೋಡಿದೆ. ಅವ್ವನ ಬಟ್ಟೆಯ ಚೀಲ ಒಂದು ಮೂಲೆಯಲ್ಲಿ ಬಡವಾಗಿ ಕುಳಿತಿತ್ತು. ಅದರ ಪಕ್ಕದ ಗಂಟಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯದ ಚಟ್ನಿ, ಹಸಿಕಡಲೆ, ಅವರೆ, ಬಟಾಣಿ, ಮೆಂತ್ಯೆಸೊಪ್ಪು, ಒಂದು ಬಾಟಲಿ ಶೇಂಗಾ ಎಣ್ಣೆ. "ದಾರಿಗೆ" ಅಂದಳು ಅವ್ವ. ದಾರಿಗೆ ಯಾರಾದರೂ ಹಸಿ ಬಟಾಣಿ ಒಯ್ಯುತ್ತಾರೆಯೇ?

ಅಮಾವಾಸ್ಯೆಯ ದಿನ ಬೆಳಿಗ್ಗೆ ಬಂದರಿನ ಹತ್ತಿರದ ಲಾಡ್ಜಿನಲ್ಲಿ ಎದ್ದು ನೋಡಿದರೆ ಅವ್ವ ಹಾಸಿಗೆಯಲ್ಲಿಲ್ಲ. ಸಮುದ್ರಕ್ಕೆ ಹೋದಳೋ ಏನೋ ಎಂದು ಬರಿಗಾಲಲ್ಲೇ ಹೊರಗೋಡಿದೆ. ಹುಡುಕುತ್ತ ಹೋದರೆ ಲಾಡ್ಜಿನ ಅಡುಗೆಮನೆಯಲ್ಲಿ ಭಜ್ಜಿ ಪಲ್ಯ ಕುದಿಯುತ್ತಿತ್ತು. ಎಳ್ಳಮಾವಾಸ್ಯೆಗೆ ನಮ್ಮಲ್ಲಿ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿಯುವ ತಿಂಡಿಯಲ್ಲ, ಸಿಕ್ಕ ಕಾಳು, ಸಿಕ್ಕ ಸೊಪ್ಪು ಎಲ್ಲ ಹಾಕಿ ಕುದಿಸಿದ ಪಲ್ಯ. ಅವ್ವ ಸೌಟು ಹಿಡಿದಿದ್ದಳು. ಲಾಡ್ಜಿನ ಅಡುಗೆಭಟ್ಟರು ತಮ್ಮದೇ ಅಡುಗೆಮನೆಯಲ್ಲಿ ಕೈಕಟ್ಟಿ ಒಂದು ಬದಿಗೆ ನಿಂತಿದ್ದರು. ಖಾಲಾ ಸ್ಟೂಲಿನ ಮೇಲೆ ಕುಳಿತು ಇಬ್ಬರಿಗೂ ಸಲಹೆ ಕೊಡುತ್ತಿದ್ದರು.

"ತೆಂಗಿನೆಣ್ಣೆ ಹಾಕ್ತೇನೆ ಅಂದೆ ಮಾರಾಯ್ರೆ, ನಿಮ್ಮಮ್ಮ ನನ್ನನ್ನು ಹೊರಗೆ ಹಾಕಿದ್ರು" ಎಂದು ಭಟ್ಟರು ನನಗೆ ದೂರು ಹೇಳಿದರು.

"ತಲಿಗೆ ಹಚ್ಚೂ ಎಣ್ಣಿ ಬಾಯಿಗೆ ಹಾಕ್ತಾರಂತ ನೋಡ್ರಿ" ಅಂದಳು ಅವ್ವ. ನಮಗೆ ಮೂವರಿಗೆ ಅಷ್ಟು ದೊಡ್ಡ ಪಾತ್ರೆ ಯಾಕೆ ಎಂದು ಕೇಳಿದೆ. ನಲವತ್ತು ಮಂದಿಗಿಂತ ಕಡಿಮೆ ಮಾಡಲು ಕೈ ಬರುವುದಿಲ್ಲವಂತೆ.

ದೋಣಿ ಹತ್ತುವ ಜಾಗದಲ್ಲಿ ಒಬ್ಬ ಕಾವಲುಗಾರ ಎಲ್ಲರ ಚೀಲ ತೆರೆದು ನೋಡುತ್ತಿದ್ದ. ಐವತ್ತರ ಮೇಲಿನ ಮನುಷ್ಯ, ಕೊರಳಲ್ಲಿ ಸೀಟಿ. ನಮ್ಮ ಗಂಟು ನೋಡಿದ್ದೇ ಅವನ ಹುಬ್ಬು ಮೇಲಕ್ಕೆ ಹೋಯಿತು.

"ಇದೆಂತ ಅಮ್ಮ? ಮದುವೆ ಊಟವಾ? ಅಲ್ಲಿಗೆ ಊಟ ತಕೊಂಡು ಹೋಗ್ಲಿಕ್ಕಿಲ್ಲ. ನೀರಿನ ಬಾಟ್ಲಿ ಮಾತ್ರ."

ಅವ್ವ ವಾದ ಮಾಡಲಿಲ್ಲ. ಗಂಟು ದೋಣಿಯಲ್ಲೇ ಇರಲಿ, ಕೆಳಗಿಳಿಸುವುದಿಲ್ಲ ಎಂದು ಸಾಧುವಾಗಿ ಒಪ್ಪಿಕೊಂಡಳು. ನನಗೆ ಅಲ್ಲೇ ಸಂಶಯ ಬರಬೇಕಿತ್ತು. ದೋಣಿಗೆ ಹತ್ತುವ ಮೊದಲು ಇಬ್ಬರೂ ಮುದುಕಿಯರು ಒಂದು ಗೋಡೆಯ ಮರೆಗೆ ಹೋಗಿ ಬಂದರು. ಹೋಗುವಾಗ ತೆಳ್ಳಗಿದ್ದ ಅವ್ವ ಬರುವಾಗ ಹೊಟ್ಟೆ ಮುಂದೆ ಮಾಡಿಕೊಂಡು ಬಂದಳು. ಸೀರೆಯ ಉಡಿಯಲ್ಲಿ ರೊಟ್ಟಿ ಮುರಿದು ಹಾಕಿ, ಎಲೆಯಲ್ಲಿ ಕಟ್ಟಿದ ಭಜ್ಜಿ ಹಾಕಿ ಸಿಗಿಸಿಕೊಂಡಿದ್ದಳು. ಚೀಲ ತೆರೆಸುವವರು ಉಂಟು, ಉಡಿ ಬಿಚ್ಚಿಸುವ ಧೈರ್ಯ ಯಾರಿಗಿದೆ? ಅರವತ್ತೈದರ ಬಸುರಿಯನ್ನು ಕಾವಲುಗಾರನೇ ಕೈಹಿಡಿದು ಜೋಪಾನವಾಗಿ ದೋಣಿಗೆ ಹತ್ತಿಸಿ, ತಾನೂ ಹತ್ತಿದ.

ಭೀಮಾ ನದಿಯ ಹರಗೋಲು ಬಿಟ್ಟರೆ ನಾವು ಮೂವರೂ ನೀರಿನ ಮೇಲೆ ಕೂತವರಲ್ಲ. ದೋಣಿ ಏಳುವುದು, ಬೀಳುವುದು ಶುರುವಾದ ಕೂಡಲೆ ಖಾಲಾ ಕಣ್ಣು ಮುಚ್ಚಿ ದುವಾ ಓದತೊಡಗಿದರು. ಅವ್ವ ಒಂದು ಕೈಯಲ್ಲಿ ಉಡಿ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದಳು. ರಟ್ಟೆಯ ಮೇಲೆ ಬಳೆಯ ಗುರುತು ಎರಡು ದಿನ ಇತ್ತು.

ನಡುಗಡ್ಡೆ ಹತ್ತಿರ ಬಂತು. ಕಪ್ಪು ಕಲ್ಲು, ಒಂದರ ಪಕ್ಕ ಒಂದು ಕಂಬ ನಿಲ್ಲಿಸಿ ಕತ್ತರಿಸಿದಂತೆ. ನಡುವೆ ಒಂದಿಷ್ಟು ತೆಂಗಿನ ಮರ. ಮನೆಯಿಲ್ಲ, ಗುಡಿಯಿಲ್ಲ, ಒಂದು ಹಿಡಿ ಮಣ್ಣು ಕಾಣಲಿಲ್ಲ. ಅದರ ದಂಡೆಯಲ್ಲೂ ಬರೀ ಬಂಡೆ, ಅದಕ್ಕೆ ಬಡಿದು ನೀರು ಬೆಳ್ಳಗಾಗುತ್ತಿತ್ತು. ನನಗೆ ಬಹಳ ಚಂದ ಕಂಡಿತು. ಅವ್ವ ಇಳಿದವಳೇ ಸುತ್ತ ನೋಡಿ ಕಾವಲುಗಾರನನ್ನು ಕೇಳಿದಳು.

"ಇದು ಯಾರ ಹೊಲ?"

"ಹೊಲವಾ? ಇದು ಯಾರದ್ದೂ ಅಲ್ಲಮ್ಮ. ಸರ್ಕಾರದ್ದು."

"ನಮ್ಮದೂ ಈಗ ಸರ್ಕಾರದ್ದೇ" ಅಂದಳು ಅವ್ವ. ಆಮೇಲೆ ಬದುವಿನ ಮೇಲೆ ನಡೆಯುವವಳ ಹಾಗೆ ನೀರಿನ ಅಂಚು ಹಿಡಿದು ನಡೆಯತೊಡಗಿದಳು. ಪ್ರವಾಸಿಗಳೆಲ್ಲ ಫೋಟೋ ತೆಗೆಯುತ್ತ ನಿಂತಲ್ಲೇ ನಿಂತಿದ್ದರು, ಅವ್ವ ಒಂದು ಪೂರ್ತಿ ಸುತ್ತು ಹಾಕಿ ಬಂದಳು. ಬಂದು, ಎಕರೆ ಎಷ್ಟಿದ್ದೀತು ಎಂಬುದನ್ನೂ, ಎಲ್ಲಿ ನೀರು ನಿಲ್ಲುತ್ತದೆ ಎಂಬುದನ್ನೂ, ಇಂಥ ನೆಲಕ್ಕೆ ಯಾವ ಕೂರಿಗೆಯೂ ಇಳಿಯುವುದಿಲ್ಲ ಎಂಬುದನ್ನೂ ಹೇಳಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಯಾರದೂ ಅಲ್ಲ ಅಂದ್ರ, ಇವತ್ತೊಂದಿನ ನಂದು ಅಂದ್ರ ಯಾರ ಬ್ಯಾಡ ಅಂತಾರ?"

ಅಲ್ಲಿಗೆ ಎಲ್ಲ ತಿಳಿಯಿತು. ಅವಳು ಹೊಲದಿಂದ ತಪ್ಪಿಸಿಕೊಳ್ಳಲು ಬಂದವಳಲ್ಲ, ಯಾರೂ ಕೇಳದ ಒಂದು ಹೊಲ ಹುಡುಕಿಕೊಂಡು ಬಂದಿದ್ದಳು. ನನಗೆ ಮೊದಲು ಸಿಟ್ಟು ಬಂತು. ಬಸ್ಸು, ಲಾಡ್ಜು, ದೋಣಿ ಎಲ್ಲವನ್ನೂ ನನ್ನ ಉಪಾಯವೆಂದುಕೊಂಡಿದ್ದೆನಲ್ಲ. ಹಿಂದೆಯೇ ನನ್ನದೇ ಮಾತು ನೆನಪಾಯಿತು. ಹೊಲ ಹೋದಾಗ "ವಯಸ್ಸಾತು ಬಿಡವ್ವಾ, ದುಡಿಯೋದು ತಪ್ಪಿತು" ಎಂದು ಸಮಾಧಾನ ಹೇಳಿದವಳೂ ನಾನೇ.

ಕಾವಲುಗಾರ ಆಚೆ ಬದಿಗೆ ಹೋದದ್ದನ್ನು ನೋಡಿ ಖಾಲಾ ಕಾವಲು ನಿಂತರು. ಅವ್ವ ತೆಂಗಿನ ಮರಗಳಾಚೆ ಒಂದು ಚಪ್ಪಟೆ ಬಂಡೆ ಆರಿಸಿದಳು. ಪಾಂಡವರಿಗೆ ಐದು ಕಲ್ಲು ಬೇಕಲ್ಲ. ನಮ್ಮ ಕರಿಮಣ್ಣಿನ ಹೊಲದಲ್ಲಿ ಐದು ಕಲ್ಲು ಹುಡುಕಲು ಅರ್ಧ ತಾಸು ಬೇಕಾಗುತ್ತಿತ್ತು. ಇಲ್ಲಿ ನಡುಗಡ್ಡೆಯೇ ಕಲ್ಲು, ಆದರೂ ಅವ್ವನಿಗೆ ಒಂದೂ ಒಪ್ಪಿಗೆಯಾಗಲೊಲ್ಲದು. ಒಂದು ಸೊಟ್ಟ, ಒಂದಕ್ಕೆ ಶಂಖದ ಹುಳ ಅಂಟಿದೆ, ಇನ್ನೊಂದು ಭೀಮನಿಗೆ ಚಿಕ್ಕದಾಯಿತು. "ಆ ಕರೇದು ಭೀಮ, ಈ ದುಂಡಂದು ಧರ್ಮರಾಯ, ಉಳಿದವರು ಯಾರಾದ್ರೂ ನಡೀತದ, ಲಗೂ ಮಾಡು ತಂಗಿ" ಎಂದು ಖಾಲಾ ಅಲ್ಲಿಂದಲೇ ಕೂಗಿ ಹೇಳಿದರು. ಮೂವತ್ತು ವರ್ಷ ನೋಡಿದವರು, ಅವರಿಗೆ ಗೊತ್ತಿಲ್ಲದ್ದೇನಿತ್ತು?

ಅವ್ವ ಉಡಿಯಿಂದ ಚರಗ ತೆಗೆದಳು. ನಾನು ಹಿಂದಿನಿಂದ ನೀರು ಹಾಕಬೇಕು. ಸುತ್ತ ಕಣ್ಣು ಹರಿದಷ್ಟು ದೂರ ನೀರು, ನಾನು ಬೊಗಸೆಯಲ್ಲಿ ಒಂದಿಷ್ಟು ತರಲು ಹೋದೆ.

"ಉಪ್ಪ ನೀರು ಕುಡಸ್ತೀಯೇನು ಬಸುರಿಗೆ? ಬಾಟ್ಲಿ ತಗಿ" ಎಂದು ಗದರಿದಳು. ಕುಡಿಯಲು ಇಟ್ಟುಕೊಂಡಿದ್ದ ಅರ್ಧ ಬಾಟಲಿ ನೀರು ಬಂಡೆಯ ಪಾಲಾಯಿತು.

ಒಂದು ಮೂಲೆ ಆಯಿತು, ಎರಡನೆಯದಾಯಿತು. ಹೊಲದಲ್ಲಿ ಚರಗ ಚೆಲ್ಲುವಾಗ ಗಾಳಿಯ ದಿಕ್ಕು ನೋಡುವ ಪದ್ಧತಿ ನಮ್ಮಲ್ಲಿಲ್ಲ. ಎದೆಮಟ್ಟ ಜೋಳ ನಿಂತಿರುವಾಗ ಗಾಳಿಗೆ ಏನು ಕೆಲಸ? ಸಮುದ್ರದ ಕಡೆಯ ಮೂಲೆಗೆ ಹೋಗಿ ಅವ್ವ ಹಳೆಯ ರಭಸದಲ್ಲಿ, ಹೊಲದಲ್ಲಿ ಚರಗ ಚೆಲ್ಲುವಾಗ ಹಾಕುತ್ತಿದ್ದ ಕೂಗನ್ನೇ ಹಾಕಿ, ದೊಡ್ಡ ಹಿಡಿಯೊಂದನ್ನು ಎಸೆದಳು. ಎಸೆದದ್ದೆಲ್ಲ ತಿರುಗಿ ಬಂತು. ರೊಟ್ಟಿಯ ಚೂರು ಅವಳ ಹೆರಳಿಗೆ, ಭಜ್ಜಿ ಅವಳ ಕನ್ನಡಕಕ್ಕೆ, ಒಂದು ಬಟಾಣಿ ನನ್ನ ಬಾಯಿಗೆ. ನಾನು ನಕ್ಕೆ, ತಡೆಯಲಾಗಲಿಲ್ಲ. ಖಾಲಾ ಹೊಟ್ಟೆ ಹಿಡಿದುಕೊಂಡು ಕೂತೇ ಬಿಟ್ಟರು. ಆ ಕೂಗಿಗೋ ನಗೆಗೋ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ.

"ಎಂತ ಅಮ್ಮ ಇದು! ಹೇಳಿದ್ದೆ ಅಲ್ವಾ ನಾನು? ಹೆಕ್ಕಿ, ಎಲ್ಲ ಹೆಕ್ಕಿ! ಕಾಗೆ ಬರ್ತದೆ, ಇಲಿ ಆಗ್ತದೆ, ನನ್ನ ಕೆಲಸ ಹೋಗ್ತದೆ!"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ತಪ್ಪಾಯಿತು ಎಂದು ಕೈಮುಗಿದು ಬಗ್ಗಿ ಚೂರುಗಳನ್ನು ಆರಿಸತೊಡಗಿದೆ. ಅವ್ವ ಕನ್ನಡಕ ಒರೆಸಿಕೊಳ್ಳುತ್ತ ನಿಂತೇ ಇದ್ದಳು. ಅವಳು ಮಾತ್ರ ನಗುತ್ತಿರಲಿಲ್ಲ.

"ಒಲ್ಲೆ ಅಂದ್ಲು ನೋಡು. ಮಾರಿಗೇ ಹೊಡದಂಗ ವಾಪಸ್ ಕೊಟ್ಲು" ಅಂದಳು.

"ಗಾಳಿ ಅವ್ವಾ."

"ಯಾವ ಗಾಳಿ? ಮಂದಿ ನೆಲ ಮಂದೀದೇ. ಆತು ಬಿಡು. ಇನ್ನ ಪ್ರತಿ ವರ್ಷ ಕಂಡವರ ಹೊಲದಾಗ ಹೋಗಿ ಕುಂದರಬೇಕು, ಅವ್ರು ಹಾಕಿದ್ದು ತಿನ್ನಬೇಕು, ಛಲೋ ಆಗ್ಯಾದ ಅನ್ನಬೇಕು. ಅದು ಒಂದು ಬಾಳೇವೇನು? ಅಂಥಾ ಊಟ ಉಣ್ಣೋದಕ್ಕಿಂತ ಉಪಾಸ ಇದ್ದದ್ದು ಛಲೋ."

ಖಾಲಾರ ನಗು ನಿಂತಿತು. ಅವ್ವ ಗಮನಿಸಲಿಲ್ಲ, ನಾನು ಗಮನಿಸಿದೆ. ಅವರು ಎದ್ದು, ಬುರ್ಖಾದ ಮೇಲಿನ ಮರಳು ಝಾಡಿಸಿಕೊಂಡು, ನಮ್ಮಿಬ್ಬರನ್ನೂ ಬಿಟ್ಟು ದೋಣಿಯ ಕಡೆ ನಡೆದರು. ಬಾಯಿ ಮುಚ್ಚಿಕೊಂಡು ನಡೆದ ಖಾಲಾರನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ಆರಿಸಿದ ಚೂರುಗಳನ್ನು ಹಿಡಿದುಕೊಂಡೇ ಅವರ ಹಿಂದೆ ನಡೆದೆ.

ದೋಣಿ ಹೊರಡಲು ಇನ್ನೂ ಅರ್ಧ ತಾಸಿತ್ತು. ಕಟ್ಟಿ ಹಾಕಿದ ದೋಣಿಯಲ್ಲಿ ನಾವು ಮೂವರು, ನಮ್ಮ ಗಂಟು, ದೋಣಿ ನಡೆಸುವವನು ಮತ್ತು ಕಾವಲುಗಾರ. ಕಾವಲುಗಾರನೇ ಗಂಟಿನ ಕಡೆ ನೋಡಿ, "ದೋಣಿಯಲ್ಲಿ ತಿನ್ನಬಹುದಮ್ಮ. ಅದಕ್ಕೆಂತ ತೊಂದರೆ ಇಲ್ಲ" ಎಂದ. ಭಜ್ಜಿಯ ವಾಸನೆ ಅವನನ್ನು ಬೆಳಗಿನಿಂದ ಕಾಡುತ್ತಿತ್ತು ಎಂದು ನನ್ನ ಗುಮಾನಿ.

ಅವ್ವ ಅಭ್ಯಾಸದ ಹಾಗೆ ಗಂಟು ಬಿಚ್ಚಿ, ಸೌಟು ಹಿಡಿದು, ಮೊದಲ ತಾಟನ್ನು ಖಾಲಾರ ಮುಂದೆ ಹಿಡಿದಳು. ಖಾಲಾ ತೆಗೆದುಕೊಳ್ಳಲಿಲ್ಲ.

"ಒಂದ ಮಾತು ಹೇಳು ತಂಗಿ. ಮೂವತ್ತ ವರ್ಷ ನಾ ನಿಮ್ಮ ಹೊಲದಾಗ ಕುಂತೇನಿ, ನೀ ಹಾಕಿದ್ದು ತಿಂದೇನಿ, ಛಲೋ ಆಗ್ಯಾದ ಅಂದೇನಿ. ನಂದು ಬಾಳೇವು ಅಲ್ಲೇನು?"

ಅವ್ವನ ಕೈ ಅಲ್ಲೇ ನಿಂತಿತು. "ಅಯ್ಯೋ ಆಪಾ, ನಿಂದು ಬ್ಯಾರೆ..."

"ಬ್ಯಾರೆ ಹ್ಯಾಂಗ? ನಂಗೂ ಹೊಲ ಇಲ್ಲ, ನಿಂಗೂ ಇಲ್ಲ. ಉಂಡು ಉಂಡು ನಾ ಏನ್ ಸಣ್ಣಾಕಿ ಆಗೇನೇನು? ನೀ ಕರದ್ರ ಅಮಾಸಿ ಯಾವಾಗ ಬರ್ತದಂತ ದಾರಿ ಕಾಯ್ತಿದ್ದೆ. ಹೊಸ ಬಳಿ ಇಟಗೊಂಡು ಬರ್ತಿದ್ದೆ. ನೀ ನೀಡೂದು ಖುಷಿಲೆ ನೀಡಿದ್ದಿ ಅಂತ ತಿಳದಿದ್ದೆ. ಉಣ್ಣಾವರ ಕಂಡ್ರ ನಿನಗ ಹಿಂಗ ಅನಸ್ತಿತ್ತೇನು?"

ದೋಣಿ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಅವ್ವನ ಕಣ್ಣು ತುಂಬಿ ಹರಿಯತೊಡಗಿತು. ಹೊಲಕ್ಕೆ ಗುರುತಿನ ಕಲ್ಲು ನೆಟ್ಟಾಗ ಅಳಲಿಲ್ಲ, ಬನ್ನಿಮರ ಉರುಳಿದಾಗ ಅಳಲಿಲ್ಲ, ಎಲ್ಲ ಸೇರಿಸಿ ಆ ದೋಣಿಯಲ್ಲಿ ಅತ್ತಳು. ನಾನೂ ಅತ್ತೆ. ದೋಣಿಯವನು ಪಾಪ, ಸಮುದ್ರದ ಕಡೆ ಮುಖ ಮಾಡಿಕೊಂಡ.

ಅತ್ತು ಮುಗಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ಅವ್ವ ಸೌಟನ್ನು ಖಾಲಾರ ಕೈಗೆ ಕೊಟ್ಟಳು. ತಾನು ಖಾಲಿ ತಾಟು ಹಿಡಿದು ಹಲಗೆಯ ಮೇಲೆ ಕುಳಿತಳು.

"ನೀ ನೀಡು" ಅಂದಳು.

ಖಾಲಾ ಕೈ ತೊಳೆದು, ಬಹಳ ಗಂಭೀರವಾಗಿ, ಎರಡು ಸಜ್ಜೆ ರೊಟ್ಟಿ ಇಟ್ಟರು, ಭಜ್ಜಿ ಬಡಿಸಿದರು, ಚಟ್ನಿ ಹಚ್ಚಿದರು. ದೋಣಿ ಹೊಯ್ದಾಡಿ ಒಂದು ಸೌಟು ಕಾವಲುಗಾರನ ತೊಡೆಯ ಮೇಲೆ ಬಿತ್ತು, ಅವನು ಅದನ್ನೂ ಬಿಡಲಿಲ್ಲ. ಎಳ್ಳಮಾವಾಸ್ಯೆಯ ದಿನ ಅವ್ವ ಮೊದಲ ಪಂಕ್ತಿಯಲ್ಲಿ ಕುಳಿತದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಹೊಲದಲ್ಲಿ ಅವಳು ಉಣ್ಣುವ ಹೊತ್ತಿಗೆ ನಲವತ್ತು ಮಂದಿ ಉಂಡು, ಭಜ್ಜಿಯ ಪಾತ್ರೆಯನ್ನು ಯಾರೋ ರೊಟ್ಟಿಯಿಂದ ಒರೆಸಿ ಹೋಗಿರುತ್ತಿದ್ದರು. ಅಡುಗೆ ಮಾಡುವಾಗ ರುಚಿ ನೋಡುವಂತೆಯೂ ಇಲ್ಲ, ಭೂಮಿತಾಯಿಗಿಂತ ಮೊದಲು ನಾಲಿಗೆಗೆ ಹಚ್ಚಿದರೆ ಅದು ಎಂಜಲು. ಹೀಗಾಗಿ ತಾನು ಮಾಡಿದ ಭಜ್ಜಿಯನ್ನು ಅವ್ವ ನೆಟ್ಟಗೆ ಉಂಡದ್ದೇ ಇರಲಿಲ್ಲ.

ಮೊದಲ ತುತ್ತು ಬಾಯಿಗಿಟ್ಟಳು. ಅಗಿದಳು. ನಿಲ್ಲಿಸಿದಳು. ಇನ್ನೊಂದು ತುತ್ತು ಇಟ್ಟು ನೋಡಿದಳು.

"ಆಪಾ, ಉಪ್ಪ ಕಡಿಮಿ ಆಗ್ಯಾದಲ್ಲ?"

"ಹೂಂ."

"ಇವತ್ತ ಆಗ್ಯಾದೋ, ಯಾವಾಗ್ಲೂ ಹಿಂಗೇ ಇರ್ತಿತ್ತೋ?"

"ಮೂವತ್ತ ವರ್ಷದಿಂದ ಹಿಂಗೇ ಅದ."

ಅವ್ವ ನನ್ನ ಕಡೆ ನೋಡಿದಳು. ನಾನು ನೀರಿನ ಕಡೆ ನೋಡಿದೆ.

"ಮತ್ತ ಒಂದ ದಿನನಾರ ಹೇಳಬೇಕಿಲ್ಲೇನು? ನಲವತ್ತ ಮಂದ್ಯಾಗ ಒಬ್ಬರೂ ಹೇಳಲಿಲ್ಲಲ್ಲ!"

"ಪ್ರೀತಿಲೆ ಕರದವರಿಗೆ ಉಪ್ಪ ಕಡಿಮಿ ಅನ್ನಂಗಿಲ್ಲ, ತಂಗಿ" ಎಂದು ಖಾಲಾ ಅವಳ ತಾಟಿಗೆ ಇನ್ನೊಂದು ಸೌಟು ಹಾಕಿದರು. "ಬರೂ ವರ್ಷ ಗಿರಣಿಯವರ ಹೊಲಕ್ಕ ಹೋಗ್ತೇವಲ್ಲ, ಅಲ್ಲಿ ನೀನೂ ಅನ್ನಬ್ಯಾಡ."

ಅವ್ವ ರೊಟ್ಟಿ ಮುರಿದು ಆ ಭಜ್ಜಿಗೆ ಅದ್ದಿದಳು.

"ಛಲೋ ಆಗ್ಯಾದ" ಅಂದಳು, ಮತ್ತು ಉಂಡಳು.